ಹಡಗು ಹತ್ತಿದವರಿಗೆ ಹೆಸರಿದೆ, ಘಟ್ಟ ಹತ್ತಿದವರಿಗೆ? ಕೊಡಗಿನಲ್ಲಿ ಪೂರ್ವಜರನ್ನು ಹುಡುಕುವ ದಾರಿಗಳು

ವರ್ಷಕ್ಕೆ ನಾಲ್ಕೈದು ಸಲ ನನಗೆ ಒಂದೇ ಪ್ರಶ್ನೆ ಎರಡು ದಿಕ್ಕಿನಿಂದ ಬರುತ್ತದೆ. ಒಂದು ಇಂಗ್ಲೆಂಡಿನಿಂದಲೋ ಆಸ್ಟ್ರೇಲಿಯಾದಿಂದಲೋ ಮೇಲ್‌ನಲ್ಲಿ. ನಮ್ಮ ಮುತ್ತಜ್ಜ ಕೂರ್ಗ್‌ನಲ್ಲಿ ಕಾಫಿ ಪ್ಲಾಂಟರ್ ಆಗಿದ್ದರು, ಇಂಥ ವರ್ಷ ಇಂಥ ಹಡಗಿನಲ್ಲಿ ಹೊರಟರು, ಜೊತೆಗೆ ಹೆಂಡತಿ, ಎರಡು ಮಕ್ಕಳು, ಒಬ್ಬಳು ಆಯಾ. ಅವರ ತೋಟ ಈಗ ಎಲ್ಲಿದೆ ಹೇಳಬಹುದೇ? ಇನ್ನೊಂದು ಫೋನಿನಲ್ಲಿ, ಸಿದ್ದಾಪುರದ ಆಸುಪಾಸಿನಿಂದ. "ಸಾರ್, ನಮ್ಮ ತಾತನ ಹೆಸರು ಎಲ್ಲಾದರೂ ಬರೆದದ್ದು ಸಿಗ್ತದಾ? ಅರಣ್ಯ ಹಕ್ಕಿನ ಅರ್ಜಿಗೆ ಬೇಕಿತ್ತು."

ಮೊದಲನೆಯವರಿಗೆ ಅರ್ಧ ದಿನ ಕಂಪ್ಯೂಟರ್ ಮುಂದೆ ಕೂತರೆ ಏನಾದರೂ ಸಿಕ್ಕೇ ಸಿಗುತ್ತದೆ. ಎರಡನೆಯವರಿಗೆ ಆರು ತಿಂಗಳು ಓಡಾಡಿದರೂ ಸಿಗುವುದು ಒಂದು ಹೆಬ್ಬೆಟ್ಟಿನ ಗುರುತು. ಇಬ್ಬರ ಮುತ್ತಜ್ಜಂದಿರೂ ಒಂದೇ ತೋಟದಲ್ಲಿ ಇದ್ದಿರಬಹುದು, ಒಬ್ಬರು ಬಂಗಲೆಯಲ್ಲಿ, ಇನ್ನೊಬ್ಬರು ಲೈನ್‌ಮನೆಯಲ್ಲಿ. ಈ ಲೇಖನ ಮುಖ್ಯವಾಗಿ ಎರಡನೆಯವರಿಗಾಗಿ. ಆದರೆ ಮೊದಲನೆಯವರ ಕಾಗದ ಹೇಗೆ ಹುಟ್ಟಿತು ಅಂತ ಗೊತ್ತಿಲ್ಲದೆ ಎರಡನೆಯವರದ್ದು ಯಾಕೆ ಹುಟ್ಟಲಿಲ್ಲ ಅನ್ನುವುದು ಅರ್ಥವಾಗುವುದಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಹಡಗಿನ ಪಟ್ಟಿಗಳು

ಬ್ರಿಟನ್ನಿನ ರಾಷ್ಟ್ರೀಯ ದಾಖಲೆ ಸಂಗ್ರಹ ಲಂಡನ್ನಿನ ಕ್ಯೂ ಎಂಬಲ್ಲಿದೆ. ಅಲ್ಲಿ ಎರಡು ಸರಣಿಗಳಿವೆ. ಬಿಟಿ 27 ಎಂಬುದು ಬ್ರಿಟಿಷ್ ಬಂದರುಗಳಿಂದ ಹೊರಟವರ ಪಟ್ಟಿ, 1890ರಿಂದ 1960ರವರೆಗೆ. ಬಿಟಿ 26 ಎಂಬುದು ಒಳಬಂದವರ ಪಟ್ಟಿ, 1878ರಿಂದ 1960ರವರೆಗೆ. ಹೆಸರು, ವಯಸ್ಸು, ಕಸುಬು, ಹತ್ತಿದ ಬಂದರು, ಇಳಿಯುವ ಬಂದರು ಎಲ್ಲ ಇರುತ್ತದೆ. ಎರಡೂ ಡಿಜಿಟಲ್ ಆಗಿವೆ. ಫೈಂಡ್‌ಮೈಪಾಸ್ಟ್ ಮತ್ತು ಆನ್ಸೆಸ್ಟ್ರಿಯಂಥ ಚಂದಾ ತಾಣಗಳಲ್ಲಿ ಹೆಸರು ಹೊಡೆದು ಹುಡುಕಬಹುದು.

ಇಲ್ಲೊಂದು ಎಡವುವ ಜಾಗ ಇದೆ. ಒಳಬಂದವರ ಪಟ್ಟಿಯಲ್ಲಿ ಯುರೋಪಿನ ಬಂದರುಗಳಿಂದ ಬಂದವರು ಸೇರುವುದಿಲ್ಲ. ಭಾರತದಿಂದ ಹೊರಟ ದೊರೆಗಳು ಅನೇಕರು ಮಾರ್ಸೇಲ್ಸ್‌ನಲ್ಲೇ ಇಳಿದು ರೈಲು ಹಿಡಿದು ಊರು ಸೇರುತ್ತಿದ್ದರು. ಅಂಥವರ ಹೆಸರು ಬಿಟಿ 26ರಲ್ಲಿ ಸಿಗದಿದ್ದರೆ ಅವರು ಹೋಗಲೇ ಇಲ್ಲ ಅಂದುಕೊಳ್ಳಬೇಡಿ.

ಹೊರಡುವವರ ಪಟ್ಟಿ 1890ಕ್ಕಿಂತ ಹಿಂದಿನದು ಇಲ್ಲ. ಆದರೆ ಕೊಡಗಿನ ಮೊದಲ ಯುರೋಪಿಯನ್ ತೋಟ, ಮಡಿಕೇರಿ ಬಳಿ ಜಾನ್ ಫೌಲರ್ ಮಾಡಿದ್ದು, 1854ರದ್ದು. ಆ ನಡುವಿನ ಮೂವತ್ತಾರು ವರ್ಷಕ್ಕೆ ಬೇರೆ ದಾರಿ ಹಿಡಿಯಬೇಕು. ಮದ್ರಾಸಿನ ಅಸೈಲಂ ಪ್ರೆಸ್ ಅಲ್ಮನಾಕ್‌ನಂಥ ವಾರ್ಷಿಕ ಡೈರೆಕ್ಟರಿಗಳು ಸಿಗುತ್ತವೆ. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎನ್/2 ಎಂಬ ಸರಣಿ ಇದೆ. ಮದ್ರಾಸ್ ಪ್ರಾಂತ್ಯದ ಚರ್ಚುಗಳಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ನಕಲು ಅದರಲ್ಲಿದೆ. ಕೊಡಗಿನ ಆಂಗ್ಲಿಕನ್ ಚರ್ಚುಗಳದ್ದೂ ಇಲ್ಲೇ ಹುಡುಕಬೇಕು. ಮಡಿಕೇರಿ ಕೋಟೆಯೊಳಗಿನ ಸೇಂಟ್ ಮಾರ್ಕ್ಸ್ ಚರ್ಚ್ ಈಗ ಸರ್ಕಾರಿ ವಸ್ತು ಸಂಗ್ರಹಾಲಯ. ಕಟ್ಟಡದ ಉಪಯೋಗ ಬದಲಾಯಿತು, ಅಲ್ಲಿ ಮದುವೆಯಾದವರ ಕಾಗದ ಲಂಡನ್ನಿನಲ್ಲಿ ಭದ್ರವಾಗಿದೆ. ಫಿಬಿಸ್ ಎಂಬ ಸಂಸ್ಥೆ, ಅಂದರೆ ಬ್ರಿಟಿಷ್ ಇಂಡಿಯಾದಲ್ಲಿದ್ದ ಕುಟುಂಬಗಳ ಸೊಸೈಟಿ, ಇಂಥ ಮಾಹಿತಿಯನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ಹುಡುಕಲು ಇಟ್ಟಿದೆ.

ಕೊಡಗಿನಿಂದ ಹೋದವರಲ್ಲಿ ಅತ್ಯಂತ ಪ್ರಸಿದ್ಧ ಪ್ರಯಾಣಿಕರು ಕೊನೆಯ ರಾಜ ಚಿಕ್ಕವೀರರಾಜೇಂದ್ರ ಮತ್ತು ಮಗಳು ಗೌರಮ್ಮ. 1834ರಲ್ಲಿ ಪದಚ್ಯುತನಾಗಿ ಕಾಶಿಗೆ ಕಳಿಸಲ್ಪಟ್ಟ ರಾಜ 1852ರಲ್ಲಿ ಇಂಗ್ಲೆಂಡ್ ಸೇರಿದ. ಅದೇ ವರ್ಷ ಗೌರಮ್ಮನಿಗೆ ದೀಕ್ಷಾಸ್ನಾನವಾಯಿತು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. ರಾಜ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ, ಗೌರಮ್ಮ 1864ರಲ್ಲಿ. ಸಿ. ಪಿ. ಬೆಳ್ಳಿಯಪ್ಪ ಅವರು ಈಕೆಯ ಬಗ್ಗೆ ಇಡೀ ಪುಸ್ತಕ ಬರೆಯಲು ಸಾಧ್ಯವಾದದ್ದು ಅರಮನೆಯ ಪತ್ರ, ಚಿತ್ರ, ಚರ್ಚಿನ ದಾಖಲೆ ಎಲ್ಲ ಉಳಿದಿದ್ದರಿಂದ. ಸೋತ ರಾಜನಿಗೂ ಕಾಗದ ಇರುತ್ತದೆ.

ಆದರೆ ಹಡಗಿನಲ್ಲಿದ್ದವರೆಲ್ಲರಿಗೂ ಹೆಸರಿತ್ತು ಅಂದುಕೊಳ್ಳಬೇಡಿ. ಮೇಲೆ ಹೇಳಿದ ಮೇಲ್‌ನಲ್ಲಿ ಒಬ್ಬಳು ಆಯಾ ಇದ್ದಾಳಲ್ಲ, ಪಟ್ಟಿಯಲ್ಲಿ ಅವಳ ಸಾಲು ನೋಡಿದರೆ ಬಹಳ ಸಲ 'ಮಿಸೆಸ್ ಇಂಥವರ ಆಯಾ' ಅಂತಷ್ಟೇ ಇರುತ್ತದೆ. ದೊರೆಸಾನಿಯ ಮಕ್ಕಳನ್ನು ನೋಡಿಕೊಂಡು ಸಮುದ್ರ ದಾಟಿದ ಮೇಲೆ ಎಷ್ಟೋ ಹೆಂಗಸರನ್ನು ವಾಪಸು ಟಿಕೆಟ್ ಕೊಡದೆ ಅಲ್ಲೇ ಕೈಬಿಟ್ಟದ್ದೂ ಉಂಟು. ಅಂಥವರಿಗಾಗಿ ಲಂಡನ್ನಿನ ಹ್ಯಾಕ್ನಿಯಲ್ಲಿ ಆಯಾಗಳ ಮನೆ ನಡೆಯುತ್ತಿತ್ತು. 2022ರಲ್ಲಿ ಆ ಕಟ್ಟಡಕ್ಕೆ ನೆನಪಿನ ನೀಲಿ ಫಲಕ ಹಾಕಿದ್ದಾರೆ. ಒಂದೇ ಹಡಗು, ಒಂದೇ ಪಟ್ಟಿ, ಮುಂದಿನ ಸಾಲಿನಲ್ಲೇ ಹೆಸರು ನಾಪತ್ತೆ.

ಘಟ್ಟದಲ್ಲಿ ಪಟ್ಟಿ ಇರಲಿಲ್ಲ

ಕೊಡಗಿಗೆ ಇವತ್ತಿಗೂ ರೈಲಿಲ್ಲ. ತೋಟದ ಕೂಲಿಗಳು ಹಾಸನ, ಅರಕಲಗೂಡು, ಪಿರಿಯಾಪಟ್ಟಣದ ಕಡೆಯಿಂದ, ಸಂಪಾಜೆ ಘಟ್ಟದ ಕೆಳಗಿನಿಂದ, ಪೆರುಂಬಾಡಿ ದಾರಿಯಲ್ಲಿ ಮಲಬಾರಿನಿಂದ ನಡೆದು ಬಂದರು. ಕೊಯ್ಲಿನ ಹೊತ್ತಿಗೆ ಬಂದು ಕೆಲಸ ಮುಗಿದ ಮೇಲೆ ಹೊರಡುವುದು, ಮರುವರ್ಷ ಮತ್ತೆ ಬರುವುದು. ಒಂದು ವರ್ಷ ಹೋಗದೆ ಉಳಿದವರ ಮೊಮ್ಮಕ್ಕಳು ಇವತ್ತಿನ ಲೈನ್‌ಮನೆಗಳ ಜನ. ನಮ್ಮ ಅಜ್ಜಿಯ ಕಡೆಯವರೂ ಹಾಗೇ ಉಳಿದುಹೋದವರು. ಘಟ್ಟದ ಬುಡದಲ್ಲಿ ಕೂತು ಹೆಸರು ಬರೆದುಕೊಂಡ ಅಧಿಕಾರಿ ಯಾರೂ ಇರಲಿಲ್ಲ. ಒಂದೇ ಸರ್ಕಾರದ ಒಳಗೆ ನಡೆದಾಡುವವರನ್ನು ಲೆಕ್ಕ ಇಡಬೇಕಾದ ಅಗತ್ಯ ಯಾರಿಗೂ ಕಾಣಲಿಲ್ಲ.

ಹಾಗಾದರೆ ಜನಗಣತಿ? ಎಲ್ಲರೂ ಮೊದಲು ಕೇಳುವುದು ಇದನ್ನೇ. ಕೊಡಗಿನಲ್ಲಿ 1871ರಿಂದ ಗಣತಿ ನಡೆದಿದೆ. 1901ರಲ್ಲಿ 1,80,607 ಜನ, 1921ರಲ್ಲಿ 1,63,838. ಯಾವ ಜಿಲ್ಲೆಯಲ್ಲಿ ಹುಟ್ಟಿದವರು ಎಷ್ಟು ಅನ್ನುವ ಕೋಷ್ಟಕವೂ ವರದಿಗಳಲ್ಲಿದೆ. ಮೈಸೂರು ಸೀಮೆ, ದಕ್ಷಿಣ ಕನ್ನಡ, ಮಲಬಾರು ಇವುಗಳಿಂದ ಬಂದವರು ಸಾವಿರಗಟ್ಟಲೆ. ಆದರೆ ಬ್ರಿಟನ್ನಿನಲ್ಲಿ ಮನೆಮನೆಯ ಹಾಳೆಗಳನ್ನು ಉಳಿಸಿಕೊಂಡ ಸರ್ಕಾರ ಇಲ್ಲಿ ಅಂಕಿ ಕೂಡಿಸಿದ ಮೇಲೆ ಹಾಳೆಗಳನ್ನು ಇಟ್ಟುಕೊಳ್ಳಲಿಲ್ಲ. ನಿಮ್ಮ ಮುತ್ತಜ್ಜ ಆ ಒಟ್ಟು ಸಂಖ್ಯೆಯೊಳಗೆ ಇದ್ದಾರೆ, ಹೊರಗೆ ತೆಗೆಯಲು ಆಗುವುದಿಲ್ಲ ಅಷ್ಟೇ.

ಬಡವರ ಹೆಸರು ಬರೆಯುತ್ತಿದ್ದದ್ದು ಎರಡೇ ಸಂದರ್ಭದಲ್ಲಿ: ಸಾಲ ಕೊಟ್ಟಾಗ, ಓಡಿಹೋದಾಗ. ಇದು ಕೇಳಲು ಒರಟಾಗಿದೆ, ಆದರೆ ಹುಡುಕಾಟದ ನಿಜವಾದ ದಾರಿ ಇದೇ.

ಮೇಸ್ತ್ರಿ ಊರೂರಿಗೆ ಹೋಗಿ ಮುಂಗಡ ಕೊಟ್ಟು ಆಳು ಕರೆತರುತ್ತಿದ್ದ. ದುಡ್ಡು ತೋಟದ ದೊರೆಯದ್ದು, ಜವಾಬ್ದಾರಿ ಮೇಸ್ತ್ರಿಯದ್ದು. ಹಾಗಾಗಿ ಮೇಸ್ತ್ರಿಗೊಂದು ಲೆಕ್ಕದ ಪುಸ್ತಕ ಬೇಕಾಗುತ್ತಿತ್ತು: ಯಾರಿಗೆ, ಯಾವ ಊರಲ್ಲಿ, ಎಷ್ಟು. ತೋಟದಲ್ಲಿ ರೈಟರ್ ಬರೆಯುವ ಚೆಕ್‌ರೋಲ್‌ನಲ್ಲಿ ಬರೀ ಹೆಸರು, ದಿನದ ಗೀಟು. ಮೇಸ್ತ್ರಿಯ ಪುಸ್ತಕದಲ್ಲಿ ಊರು ಇರುತ್ತದೆ, ಅಪ್ಪನ ಹೆಸರು ಇರುತ್ತದೆ, ಯಾಕೆಂದರೆ ಓಡಿಹೋದರೆ ಹುಡುಕಬೇಕಲ್ಲ. ಮುಂಗಡ ಪಡೆದು ಕೆಲಸ ಬಿಟ್ಟವರನ್ನು 1859ರ 13ನೇ ಕಾಯ್ದೆಯಡಿ, ಅಂದರೆ ಕೆಲಸಗಾರರ ಕರಾರು ಉಲ್ಲಂಘನೆ ಕಾಯ್ದೆಯಡಿ, ಮ್ಯಾಜಿಸ್ಟ್ರೇಟ್ ಮುಂದೆ ಎಳೆದು ತರಬಹುದಿತ್ತು, ಜೈಲಿಗೂ ಕಳಿಸಬಹುದಿತ್ತು. ಆ ಕಾಯ್ದೆ 1920ರ ದಶಕದ ನಡುವಿನವರೆಗೂ ಜೀವಂತವಾಗಿತ್ತು. ಕೇಸು ಅಂದಮೇಲೆ ವಾರಂಟು, ವಾರಂಟು ಅಂದಮೇಲೆ ಹೆಸರು, ಊರು.

ಆದ್ದರಿಂದ ನಾನು ಯಾರಿಗಾದರೂ ಹೇಳುವ ಮೊದಲ ಮಾತು: ತೋಟದ ಆಫೀಸಿಗೆ ಹೋಗುವ ಮೊದಲು ಮೇಸ್ತ್ರಿಯ ಮೊಮ್ಮಕ್ಕಳನ್ನು ಹುಡುಕಿ. ನಮ್ಮ ಕಡೆಯ ಮೇಸ್ತ್ರಿ ಮನೆಯ ಅಟ್ಟದಲ್ಲಿ ಒಂದು ಟ್ರಂಕ್ ಇತ್ತು. ಗೆದ್ದಲು ಮುಕ್ಕಾಲು ತಿಂದು ಮುಗಿಸಿತ್ತು. ಉಳಿದ ಕಾಲುಭಾಗದಲ್ಲಿ ನಮ್ಮ ಅಜ್ಜಿಯ ಅಪ್ಪನ ಹೆಸರಿನ ಮುಂದೆ ಎಂಟು ರೂಪಾಯಿ ಅಂತ ಇತ್ತು, ಜೊತೆಗೆ ನಮ್ಮ ಮನೆಯಲ್ಲಿ ಯಾರೂ ಕೇಳಿರದ ಒಂದು ಊರಿನ ಹೆಸರು. ಆ ಊರಿಗೆ ಹೋದಾಗ ನಮ್ಮ ದೇವರ ಒಕ್ಕಲಿನ ಮನೆಗಳು ಈಗಲೂ ಮೂರು ಇದ್ದವು.

ಸರ್ಕಾರಿ ಕಡತಗಳ ವಿಷಯಕ್ಕೆ ಬಂದರೆ ಕೊಡಗಿನದ್ದು ನಾಲ್ಕು ಕಡೆ ಹಂಚಿಹೋಗಿದೆ. ಮೈಸೂರನ್ನು ಒಡೆಯರಿಗೆ ವಾಪಸು ಕೊಟ್ಟ 1881ರ ನಂತರ ಬೆಂಗಳೂರಿನ ರೆಸಿಡೆಂಟರೇ ಕೊಡಗಿನ ಚೀಫ್ ಕಮಿಷನರ್ ಕೂಡ. ಹೀಗಾಗಿ ಒಂದಷ್ಟು ಮಡಿಕೇರಿಯ ಕಚೇರಿಗಳಲ್ಲಿ, ಒಂದಷ್ಟು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ, ಒಂದಷ್ಟು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ, ಮೇಲ್ಮಟ್ಟದ ಪತ್ರವ್ಯವಹಾರ ಲಂಡನ್ನಿನಲ್ಲಿ. ದೆಹಲಿಯ ಪಟ್ಟಿಯನ್ನು ಅಭಿಲೇಖ ಪಟಲ್ ಎಂಬ ಜಾಲತಾಣದಲ್ಲಿ ಮನೆಯಿಂದಲೇ ನೋಡಬಹುದು. ಹುಡುಕುವಾಗ ಹಳೆಯ ಹೆಸರು ಹಾಕಿ: ಮಡಿಕೇರಿ ಅಲ್ಲ ಮರ್ಕೇರಾ, ಕುಶಾಲನಗರ ಅಲ್ಲ ಫ್ರೇಸರ್‌ಪೇಟೆ, ವಿರಾಜಪೇಟೆ ಅಲ್ಲ ವೀರರಾಜೇಂದ್ರಪೇಟೆ. ತೋಟಗಳದ್ದು ಇನ್ನೂ ಕಷ್ಟ. ಇಂಗ್ಲಿಷ್ ದಾಖಲೆಯಲ್ಲಿ ಒಂದು ಹೆಸರು, ಆಳುಗಳ ಬಾಯಲ್ಲಿ 'ಇಂಥ ದೊರೆ ತೋಟ' ಅಂತ ಇನ್ನೊಂದು, ಮಾರಾಟವಾದ ಮೇಲೆ ಮೂರನೆಯದು.

ಸ್ವಾತಂತ್ರ್ಯದ ನಂತರದ ಕಾಲ ಸುಲಭ. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಬಂದಮೇಲೆ ರಿಜಿಸ್ಟರ್ ಇಡುವುದು ಕಡ್ಡಾಯವಾಯಿತು. ಭವಿಷ್ಯನಿಧಿಯ ನಾಮನಿರ್ದೇಶನ ಫಾರಂ ಬಂತು, 1972ರ ನಂತರ ಗ್ರಾಚ್ಯುಟಿಯದ್ದೂ. ಈ ಫಾರಂಗಳನ್ನು ಯಾರೂ ವಂಶಾವಳಿ ಅಂತ ನೋಡುವುದಿಲ್ಲ, ಆದರೆ ಹೆಂಡತಿ, ಮಕ್ಕಳು, ವಯಸ್ಸು, ಊರು ಎಲ್ಲ ಒಂದೇ ಹಾಳೆಯಲ್ಲಿ. ತೋಟ ಖಾಸಗಿಯಾದರೆ ಮಾಹಿತಿ ಹಕ್ಕು ಅಲ್ಲಿಗೆ ನೇರ ನಡೆಯುವುದಿಲ್ಲ. ವಾರಸುದಾರರಾಗಿ ಭವಿಷ್ಯನಿಧಿ ಕಚೇರಿಯ ಮೂಲಕ ಕೇಳಿ. ಶಾಲೆಯ ದಾಖಲಾತಿ ಪುಸ್ತಕ ಮರೆಯಬೇಡಿ.

ಮತ್ತೆ ಮತದಾರರ ಪಟ್ಟಿ. ಕೊಡಗು ಆಗ ಪ್ರತ್ಯೇಕ ರಾಜ್ಯ, 1952ರಲ್ಲಿ 24 ಸ್ಥಾನದ ತನ್ನದೇ ವಿಧಾನಸಭೆ, ಸಿ. ಎಂ. ಪೂಣಚ್ಚ ಮುಖ್ಯಮಂತ್ರಿ. ಆ ಚುನಾವಣೆಗೆ ತಯಾರಾದದ್ದು ತೋಟದ ಮಾಲೀಕನ ಹೆಸರೂ ಆಳಿನ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ ಬಂದ ಮೊದಲ ಪಟ್ಟಿ. ನನಗೆ ಇದು ಸಂವಿಧಾನದ ಬಗ್ಗೆ ಮಾಡುವ ಎಷ್ಟೋ ಭಾಷಣಗಳಿಗಿಂತ ದೊಡ್ಡ ಸಂಗತಿ.

ಭೂಮಿ ಇದ್ದವರ ಕಾಗದದಲ್ಲಿ ಭೂಮಿ ಇಲ್ಲದವರು

ಕೊಡವರ ವಿಷಯ ಪ್ರತ್ಯೇಕ. ಒಕ್ಕ, ಐನ್‌ಮನೆ, ಕೈಮಡ, ಕಾರಣವನಿಗೆ ಇಡುವ ಮೀದಿ, ಇಷ್ಟು ಇದ್ದವರಿಗೆ ವಂಶದ ನೆನಪು ಆಚರಣೆಯೊಳಗೇ ಇದೆ. ನಡಿಕೇರಿಯಂಡ ಚಿಣ್ಣಪ್ಪ 1924ರಲ್ಲಿ ತಂದ 'ಪಟ್ಟೋಲೆ ಪಳಮೆ'ಯಿಂದ ಹಿಡಿದು ಅದನ್ನು ಇಂಗ್ಲಿಷಿಗೆ ತಂದ ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಐನ್‌ಮನೆಗಳನ್ನು ಒಂದೊಂದಾಗಿ ದಾಖಲಿಸಿದ್ದರವರೆಗೆ ಕೆಲಸ ಆಗಿದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಶುರುಮಾಡಿದ ಕುಟುಂಬ ಹಾಕಿಯೂ ಒಂದು ರೀತಿಯಲ್ಲಿ ಒಕ್ಕಗಳ ಗಣತಿಯೇ. ಜಮ್ಮ ಭೂಮಿಯ ಪಟ್ಟೆದಾರನ ಹೆಸರು ಪಹಣಿಯಲ್ಲಿ ತಲೆಮಾರು ಕಳೆದರೂ ಹಾಗೇ ಉಳಿದಿರುವುದು ಭೂಮಿ ವ್ಯವಹಾರಕ್ಕೆ ತಲೆನೋವು, ವಂಶ ಹುಡುಕುವವರಿಗೆ ವರ. ಅದಕ್ಕೂ ಹಿಂದೆ ಹೋದರೆ ಲಿಂಗರಾಜೇಂದ್ರನ ಕಾಲದ ಶಿಸ್ತಿನ ಲೆಕ್ಕ.

ಆದರೆ ಇದೇ ಕಾಗದಗಳಲ್ಲಿ ಇನ್ನೊಂದು ಗುಂಪು ಇದೆ. ರಾಜರ ಕಾಲದಲ್ಲಿ ಕೊಡಗಿನಲ್ಲಿ ಜೀತ ಎರಡು ಬಗೆಯದಿತ್ತು ಅಂತ ಹತ್ತೊಂಬತ್ತನೇ ಶತಮಾನದ ಬರಹಗಳು ಹೇಳುತ್ತವೆ. ಭೂಮಿ ಜೀತದಾಳು ಭೂಮಿಯ ಜೊತೆಗೇ ಕೈ ಬದಲಾಗುತ್ತಿದ್ದ. ಒಕ್ಕಲು ಜೀತದಾಳು ಮನೆಯ ಸೊತ್ತು, ಮಾರಬಹುದಿತ್ತು. 1843ರ 5ನೇ ಕಾಯ್ದೆ ಗುಲಾಮಗಿರಿಗೆ ಕಾನೂನಿನ ಬೆಂಬಲ ತೆಗೆಯಿತು, ಜೀತ ಬೇರೆ ಹೆಸರಲ್ಲಿ ಬಹುಕಾಲ ಉಳಿಯಿತು. ಹಾಗಾಗಿ ಪೊಲೆಯ, ಎರವ ಕುಟುಂಬಗಳ ಹಿರಿಯರ ಹೆಸರು ಎಲ್ಲಾದರೂ ಬರೆದದ್ದು ಇದ್ದರೆ ಅದು ಅವರ ಧಣಿಯ ಮನೆಯ ಕಡತದಲ್ಲಿ, ಗದ್ದೆ, ಎಮ್ಮೆ, ಪಾತ್ರೆಗಳ ಸಾಲಿನಲ್ಲಿ. ಆ ಕಡತ ತೋರಿಸಿ ಅಂತ ಕೇಳುವುದು ಸುಲಭವಲ್ಲ. ಕೇಳಿದವರಿಗೂ ಮುಜುಗರ, ಕೊಡುವವರಿಗೂ ಮುಜುಗರ. ಐನ್‌ಮನೆಯ ಇತಿಹಾಸ ಬರೆಸುತ್ತಿರುವ ಒಕ್ಕಗಳು ಆ ಪುಟಗಳನ್ನೂ ಸ್ಕ್ಯಾನ್ ಮಾಡಿ ಇಡಬೇಕು ಅನ್ನುವುದು ನನ್ನ ಅಭಿಪ್ರಾಯ. ತಮ್ಮ ವಂಶವೃಕ್ಷದ ಜೊತೆಗೆ ಇನ್ನೊಬ್ಬರ ವಂಶವೃಕ್ಷವೂ ಅವರ ಪೆಟ್ಟಿಗೆಯಲ್ಲಿದೆ.

ಚರ್ಚಿನ ದಾಖಲೆ ಈ ಗೋಡೆಯನ್ನು ಅಲ್ಲಲ್ಲಿ ಒಡೆಯುತ್ತದೆ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನ ಮೂಲ 1792. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡ ಕೊಂಕಣಿ ಕ್ರೈಸ್ತರಿಗೆ ದೊಡ್ಡವೀರರಾಜೇಂದ್ರ ಜಾಗ ಕೊಟ್ಟು ಕೂರಿಸಿದ್ದು. 'ಮಂಗಳೂರು ಸಮಾಚಾರ'ದ ಹೆರ್ಮನ್ ಮೋಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ಬಂದು ಅಮ್ಮತ್ತಿ–ಸಿದ್ದಾಪುರದ ಕಡೆ ಆನಂದಪುರ ಅಂತ ಒಂದು ನೆಲೆ ಮಾಡಿದರು. ಅಲ್ಲಿ ಸೇರಿದವರಲ್ಲಿ ಹೆಚ್ಚಿನವರು ಜೀತದಲ್ಲಿದ್ದ ದಲಿತರು. ಪಾದ್ರಿಗೆ ಹೆಸರು ಬರೆಯದೆ ದೀಕ್ಷೆ ಕೊಡಲು ಬರುವುದಿಲ್ಲ. ಹಳೆಯ ಹೆಸರು, ಹೊಸ ಹೆಸರು, ತಂದೆ ತಾಯಿ ಎಲ್ಲ ಬರುತ್ತದೆ. ಬಾಸೆಲ್ ಮಿಷನ್ನಿನ ವರದಿಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ, ಹೆಚ್ಚಿನವು ಜರ್ಮನ್‌ನಲ್ಲಿ. ಹಳೆಯ ಫೋಟೋಗಳನ್ನು ಮಾತ್ರ ಆನ್‌ಲೈನ್‌ನಲ್ಲೇ ನೋಡಬಹುದು. ನಿಮ್ಮ ಕುಟುಂಬ ಕ್ರೈಸ್ತರಲ್ಲದಿದ್ದರೂ ಒಮ್ಮೆ ಕೇಳಿ ನೋಡಿ. ಹಿರಿಯಣ್ಣ ಸೇರಿದ್ದು, ತಮ್ಮ ಸೇರದೆ ಉಳಿದದ್ದು ಸಾಮಾನ್ಯ.

ಕಡಲಾಚೆ ಹೋದ ನಮ್ಮವರು

ಹಾಸನ, ಮೈಸೂರು, ಕೋಲಾರದ ಕಡೆಯ ಮನೆಗಳಲ್ಲಿ 'ಒಬ್ಬ ಅಣ್ಣ ಕೊಡಗಿಗೆ ಹೋದ, ಇನ್ನೊಬ್ಬ ಎಲ್ಲೋ ಹಡಗು ಹತ್ತಿದ' ಅನ್ನುವ ಮಾತು ಇದ್ದರೆ ಅದನ್ನು ಕತೆ ಅಂತ ತಳ್ಳಿಹಾಕಬೇಡಿ. ಹಡಗು ಹತ್ತಿದ ತಮ್ಮನನ್ನು ಹುಡುಕುವುದು ಕೊಡಗಿಗೆ ಹೋದ ಅಣ್ಣನನ್ನು ಹುಡುಕುವುದಕ್ಕಿಂತ ಸುಲಭ. 1860ರಿಂದ 1911ರವರೆಗೆ ದಕ್ಷಿಣ ಆಫ್ರಿಕಾದ ನಟಾಲ್‌ಗೆ ಕರಾರು ಕೂಲಿಗಳಾಗಿ 1,52,184 ಜನ ಹೋದರು. ಮೊದಲ ಹಡಗು 'ಟ್ರೂರೋ' ಮದ್ರಾಸಿನಿಂದ ಹೊರಟು 1860ರ ನವೆಂಬರ್ 16ರಂದು ಡರ್ಬನ್ ಮುಟ್ಟಿತು. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ, ಅದರ ಮುಂದೆ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಣೆ, ಊರು, ಮೈಮೇಲಿನ ಗುರುತು. ಮೈಸೂರು, ಬೆಂಗಳೂರು ಜಿಲ್ಲೆ ಅಂತ ಬರೆಸಿದವರು ಅದರಲ್ಲಿ ಸಿಗುತ್ತಾರೆ. ಪಟ್ಟಿಗಳು ಕಂಪ್ಯೂಟರಿಗೆ ಏರಿವೆ. ಮಾರಿಷಸ್‌ಗೆ ಹೋದವರ ದಾಖಲೆ ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿದೆ, ಕೆಲವರ ಫೋಟೋ ಸಮೇತ. ಫಿಜಿಗೆ 1879ರಿಂದ 1916ರವರೆಗೆ 60 ಸಾವಿರಕ್ಕೂ ಹೆಚ್ಚು ಜನ, ಮದ್ರಾಸಿನಿಂದ ಹಡಗು ಹೊರಟದ್ದು 1903ರ ನಂತರ.

ಹೆಸರು ಮಾತ್ರ ನೆಟ್ಟಗಿರುವುದಿಲ್ಲ. ಕನ್ನಡದವನು ಹೇಳಿದ್ದನ್ನು ತಮಿಳು ಗುಮಾಸ್ತ ಕೇಳಿ ಇಂಗ್ಲಿಷಿನಲ್ಲಿ ಬರೆದದ್ದು. ಮುನಿಯಪ್ಪ ಮೂನಿಯಾಪಾ ಆಗುತ್ತಾನೆ, ಕೆಂಪಯ್ಯ ಗುರುತೇ ಸಿಗದ ಹಾಗೆ ಆಗುತ್ತಾನೆ. ಹೆಸರಿಗಿಂತ ಊರನ್ನು ಹಿಡಿದು ಹುಡುಕಿ, ಒಂದೇ ಹಡಗಿನಲ್ಲಿ ಅಕ್ಕಪಕ್ಕದ ಸಂಖ್ಯೆಯವರು ಒಂದೇ ಊರಿನವರಾ ನೋಡಿ.

ಸಿಲೋನಿನದ್ದು ಬೇರೆ ಕತೆ, ಅದರ ಕೊನೆ ನಮ್ಮ ಪಕ್ಕದಲ್ಲೇ ಇದೆ. ಅಲ್ಲಿಯ ತೋಟಕ್ಕೆ ಹೋಗುವ ತಮಿಳರಿಗೆ ಇಪ್ಪತ್ತನೇ ಶತಮಾನದ ಆರಂಭದಲ್ಲಿ ತಗಡಿನ ಟಿಕೆಟ್ ಕೊಡುತ್ತಿದ್ದರು, ಅದರ ಮೇಲೆ ತೋಟದ ಸಂಖ್ಯೆ. ಟಿಕೆಟ್ ತೋಟಕ್ಕೆ ಸೇರಿದ್ದು, ಮನುಷ್ಯನಿಗಲ್ಲ. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದಲ್ಲಿ ಭಾರತ 5,25,000 ಜನರನ್ನು ವಾಪಸು ಕರೆಸಿಕೊಳ್ಳಲು ಒಪ್ಪಿತು. ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಫೆರಿ, ಅಲ್ಲಿಂದ ಮಂಡಪಂ ಶಿಬಿರ. ಹಾಗೆ ಬಂದ ಕುಟುಂಬಗಳಲ್ಲಿ ಕೆಲವನ್ನು ಸುಳ್ಯ, ಪುತ್ತೂರಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ ತಂದು ಕೂರಿಸಿದರು. ಸಂಪಾಜೆ ಘಟ್ಟ ಇಳಿದರೆ ಅವರ ಮನೆಗಳು. ಹಡಗು ಹತ್ತಿ ಬಂದವರಾದ್ದರಿಂದ ಅವರ ಹತ್ತಿರ ಪಾಸ್‌ಪೋರ್ಟ್, ಕುಟುಂಬ ಕಾರ್ಡ್ ಎಲ್ಲ ಇತ್ತು. ಆದರೂ ಜಾತಿ ಪ್ರಮಾಣಪತ್ರಕ್ಕೆ ವರ್ಷಗಟ್ಟಲೆ ಅಲೆದರು. ಅಜ್ಜನ ಅಜ್ಜ ತಮಿಳುನಾಡಿನ ಯಾವ ಹಳ್ಳಿಯವನು ಅನ್ನುವುದು ತಗಡಿನ ಟಿಕೆಟ್ಟಿನಲ್ಲಿ ಬರೆದಿರಲಿಲ್ಲ.

ಅಜ್ಜಿಯ ಮಾತೂ ಸಾಕ್ಷಿ

ಈಗ ಸಿದ್ದಾಪುರದ ಫೋನಿಗೆ ಬರೋಣ. ಪೂರ್ವಜರನ್ನು ಹುಡುಕುವುದು ನಿವೃತ್ತರ ಹವ್ಯಾಸ ಅಂದುಕೊಂಡವರು 2006ರ ಅರಣ್ಯ ಹಕ್ಕು ಕಾಯ್ದೆ ಓದಬೇಕು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಅಲ್ಲಿದ್ದರು ಅಂತ ತೋರಿಸಿದರೆ ಸಾಕು. ಇತರರು ಅದಕ್ಕೂ ಮೂರು ತಲೆಮಾರು, ಅಂದರೆ 75 ವರ್ಷ ಹಿಂದೆ ಹೋಗಬೇಕು. ಕೊಡಗಿನಲ್ಲಿ ಜೇನುಕುರುಬ, ಬೆಟ್ಟಕುರುಬ, ಎರವರು ಕಾಡಿನಿಂದ ಹೊರಬಿದ್ದು ತೋಟದ ಲೈನ್‌ಮನೆ ಸೇರಿದವರು. ಲೈನ್‌ಮನೆ ಬಿಟ್ಟು ಬಂದು 2016ರಲ್ಲಿ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿದವರನ್ನು ಡಿಸೆಂಬರಿನಲ್ಲಿ ಎಬ್ಬಿಸಿದಾಗ ಎದ್ದದ್ದೂ ಇದೇ ಪ್ರಶ್ನೆ: ನೀವು ಎಲ್ಲಿಯವರು, ದಾಖಲೆ ಎಲ್ಲಿ? ಕೊನೆಗೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕೊಟ್ಟರು. 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಜೇನುಕುರುಬ ಕುಟುಂಬಗಳು ಮರಳಿ ಹೋದಾಗಲೂ ಅದೇ.

ಆದರೆ ಕಾನೂನು ಅಧಿಕಾರಿಗಳಿಗಿಂತ ಉದಾರವಾಗಿದೆ. ಕಾಯ್ದೆಯ 2008ರ ನಿಯಮಾವಳಿಯ 13ನೇ ನಿಯಮ ಸಾಕ್ಷ್ಯಗಳ ಪಟ್ಟಿ ಕೊಡುತ್ತದೆ. ಸರ್ಕಾರಿ ಕಾಗದದ ಜೊತೆಗೆ ಅದರಲ್ಲಿ ಹಳೆ ಮನೆ, ಬಾವಿ, ಸಮಾಧಿ ಸ್ಥಳ, ದೇವರ ಜಾಗ ಇವೆ. ಅರ್ಜಿದಾರರಲ್ಲದ ಹಿರಿಯರ ಬರೆದುಕೊಂಡ ಹೇಳಿಕೆ ಇದೆ. ಹಿಂದಿನ ದಾಖಲೆಯಲ್ಲಿರುವ ವ್ಯಕ್ತಿಯವರೆಗೆ, ಅಥವಾ ಆ ಊರಿನ ನಿವಾಸಿ ಅಂತ ಹಿಂದೆ ಗುರುತಾಗಿದ್ದ ವ್ಯಕ್ತಿಯವರೆಗೆ ಹೋಗುವ ವಂಶಾವಳಿಯೂ ಇದೆ. ಒಂದಕ್ಕಿಂತ ಹೆಚ್ಚು ಬಗೆಯ ಸಾಕ್ಷ್ಯ ಇಡಬೇಕು. 2012ರ ತಿದ್ದುಪಡಿ ಪ್ರಕಾರ ಇಂಥದೇ ಕಾಗದ ತನ್ನಿ ಅಂತ ಉಪವಿಭಾಗ ಸಮಿತಿಯಾಗಲಿ ಜಿಲ್ಲಾ ಸಮಿತಿಯಾಗಲಿ ಹಟ ಹಿಡಿಯುವಂತಿಲ್ಲ. ಈ ಸಾಲನ್ನು ಪ್ರಿಂಟ್ ತೆಗೆದು ಅರ್ಜಿಯ ಮೇಲೆ ಪಿನ್ ಮಾಡಿ. ನಾನು ಹಾಗೇ ಮಾಡಿಸುತ್ತೇನೆ.

ಹಿರಿಯರ ಹೇಳಿಕೆ ತೆಗೆದುಕೊಳ್ಳುವಾಗ ಇಸವಿ ಕೇಳಬೇಡಿ, ಸಂಗತಿ ಕೇಳಿ. ದೊಡ್ಡ ಮಳೆಗೆ ಮುಂಚೆಯೋ ಆಮೇಲೋ? 1924ರ ಪ್ರವಾಹ ಮಲಬಾರಿನಿಂದ ಕಾವೇರಿ ಸೀಮೆಯವರೆಗೆ ಎಲ್ಲರ ನೆನಪಿನಲ್ಲಿತ್ತು. ಮಲಯಾಳಿಗಳಿಗೆ ಅದು 'ತೊಂಬತ್ತೊಂಬತ್ತರ ಪ್ರವಾಹ', ಕೊಲ್ಲಂ ವರ್ಷ 1099. ಗಾಂಧಿ ಬಂದದ್ದು? ಹರಿಜನ ಯಾತ್ರೆಯಲ್ಲಿ ಗಾಂಧಿ ಕೊಡಗಿಗೆ ಬಂದದ್ದು 1934ರ ಫೆಬ್ರವರಿ. ಪೂಣಚ್ಚರು ಮುಖ್ಯಮಂತ್ರಿ ಆಗಿದ್ದಾಗಲೋ, ಮೈಸೂರಿಗೆ ಸೇರಿದ ಮೇಲೋ? ಅದು 1956ರ ನವೆಂಬರ್. ಯಾವ ದೊರೆಯ ಕಾಲ? ಆ ದೊರೆಯ ಹಡಗಿನ ಪಟ್ಟಿ ಇದೆಯಲ್ಲ, ಅವನು ಬಂದ ವರ್ಷ, ಹೋದ ವರ್ಷ ಎರಡೂ ಅದರಲ್ಲಿ ಸಿಗುತ್ತದೆ. ಬಂಗಲೆಯವನ ಕಾಗದ ಲೈನ್‌ಮನೆಯವನ ವಯಸ್ಸು ಹೇಳುವುದು ಹೀಗೆ. ಇಂಗ್ಲೆಂಡಿನಿಂದ ಬರುವ ಮೇಲ್‌ಗಳಿಗೆ ನಾನು ತಪ್ಪದೆ ಉತ್ತರ ಬರೆಯುವುದು, ಹಳೆ ಫೋಟೋ ಇದ್ದರೆ ಕಳಿಸಿ ಅಂತ ಕೇಳುವುದು ಇದಕ್ಕೇ. ಹಿಂದಿನ ಸಾಲಿನಲ್ಲಿ ನಿಂತವರ ಮುಖ ನಮ್ಮ ಕಡೆಯ ಯಾರಿಗಾದರೂ ಬೇಕಾಗಿರುತ್ತದೆ.

ಫೋನ್ ಮಾಡಿದ ಹುಡುಗನ ಕಡತದಲ್ಲಿ ಕೊನೆಗೆ ಐದು ಕಾಗದ ಸೇರಿದವು. ತಾತನ ಭವಿಷ್ಯನಿಧಿ ಫಾರಂ, ಹೆಬ್ಬೆಟ್ಟು ಒತ್ತಿದ್ದು. ಅತ್ತೆಯ ಶಾಲೆ ದಾಖಲಾತಿ. ಕಾಡಿನೊಳಗೆ ಮೂರು ಸಮಾಧಿ ಇರುವ ಜಾಗದ ಫೋಟೋ ಮತ್ತು ಜಿಪಿಎಸ್. ಪಕ್ಕದ ಹಾಡಿಯ ಅಜ್ಜಿಯ ಹೇಳಿಕೆ, ನಾಲ್ಕು ಪುಟ, ಗ್ರಾಮಸಭೆಯಲ್ಲಿ ಓದಿ ಹೇಳಿದ್ದು. ಮತ್ತೆ ಇಂಗ್ಲೆಂಡಿನ ಒಂದು ಕುಟುಂಬ ಕಳಿಸಿದ ಫೋಟೋದ ನಕಲು, ಹಿಂದೆ ಪೆನ್ಸಿಲಿನಲ್ಲಿ ತೋಟದ ಹೆಸರು ಮತ್ತು 1931 ಎಂಬ ಇಸವಿ. ಅದರಲ್ಲಿ ಎಡದಿಂದ ಎರಡನೆಯವನು ತಾತನ ಅಪ್ಪ ಅಂತ ಆ ಅಜ್ಜಿ ಗುರುತಿಸಿದರು. ಅರ್ಜಿ ಗ್ರಾಮಸಭೆ ದಾಟಿದೆ. ಮುಂದಿನ ಸಮಿತಿಯಲ್ಲಿ ಕೂತಿದೆ.

ಇದನ್ನು ಬರೆಯುವ ಹೊತ್ತಿಗೆ ಅದೇ ತೋಟಗಳ ಲೈನ್‌ಮನೆಗಳಲ್ಲಿ ಅಸ್ಸಾಮಿನವರು, ಬಂಗಾಳದವರು ಇದ್ದಾರೆ. ಕಾಫಿ ಕೊಯ್ಯುವವರು ಈಗ ಅವರೇ. ಮೊನ್ನೆ ಸಂತೆಯಲ್ಲಿ ಸಿಕ್ಕ ಒಬ್ಬ ಹುಡುಗ ಮೊಬೈಲಿನಲ್ಲಿ ತನ್ನ ಅಪ್ಪನ ಹೆಸರು ಹಳೆಯ ಮತದಾರರ ಪಟ್ಟಿಯಲ್ಲಿ ಹುಡುಕುತ್ತಿದ್ದ. ಪಶ್ಚಿಮ ಬಂಗಾಳ, ಕೇರಳ, ತಮಿಳುನಾಡುಗಳಲ್ಲಿ 2025ರ ಕೊನೆಗೆ ಶುರುವಾದ ಪಟ್ಟಿ ಪರಿಷ್ಕರಣೆಗೆ ಅದು ಬೇಕಂತೆ. ಅವನು ಇಲ್ಲಿ ಬಂದು ಮೂರು ವರ್ಷ. ಬಂದ ರೈಲಿನ ಟಿಕೆಟ್ ಇದೆಯಾ ಅಂತ ಕೇಳಿದೆ. ನಕ್ಕ, ಜನರಲ್ ಬೋಗಿ ಸಾರ್, ಅದರಲ್ಲಿ ಹೆಸರು ಇರಲ್ಲ ಅಂದ.